ಮುಖದ ಜಿಡ್ಡು ತೆಗೆಯೋದು ಹೇಗೆ?



ದೀಪದ ಎಣ್ಣೆ ನೆಲಕ್ಕೆ ಚೆಲ್ಲಿದರೆ ನಾವು ಏನು ಮಾಡ್ತೀವಿ? ಮೊದಲೇ ನೀರು ಹಾಕೋದಿಲ್ಲ. ನೀರು ಹಾಕಿದರೆ ಎಣ್ಣೆ ಇನ್ನೂ ಹರಡುತ್ತದೆ. ಅದಕ್ಕೆ ಮೊದಲು ಬೂದಿ ಉದುರಿಸ್ತೀವಿ. ಬೂದಿ ಇಲ್ಲದಿದ್ದರೆ ತೌಡು, ಅದೂ ಇಲ್ಲದಿದ್ದರೆ ಒಂದು ಹಿಡಿ ಒಣ ಮಣ್ಣು. ಸ್ವಲ್ಪ ಹೊತ್ತು ಬಿಟ್ಟರೆ ಅದು ಎಣ್ಣೆ ಕುಡಿಯುತ್ತದೆ. ಆಮೇಲೆ ಗುಡಿಸಿ, ಸೋಪಿನ ನೀರಿನಿಂದ ಒರೆಸ್ತೀವಿ. ಇದನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ನಮ್ಮ ತಾಯಂದಿರು ಮಾಡೋದು ನೋಡಿ ಕಲಿತಿದ್ದೇವೆ.

ಮುಖದ ಜಿಡ್ಡು ತೆಗೆಯೋದೂ ಇದೇ ಲೆಕ್ಕ. ಎಣ್ಣೆ ಕುಡಿಯುವ ಪುಡಿ ಒಂದು ಬೇಕು. ಆದರೆ ಬೂದಿಯನ್ನು ಮುಖಕ್ಕೆ ತಿಕ್ಕಬೇಡಿ. ಬೂದಿಯಲ್ಲಿ ಖಾರವಿದೆ, ಚರ್ಮ ಸುಡುತ್ತದೆ. ಮುಖಕ್ಕೆ ಬೇರೆ ಪುಡಿಗಳಿವೆ. ಅವು ಯಾವುವು, ಎಷ್ಟು ಹಚ್ಚಬೇಕು, ಅವುಗಳಿಂದ ಏನು ಆಗುತ್ತದೆ, ಏನು ಆಗೋದಿಲ್ಲ ಅಂತ ಈ ಪಾಠದಲ್ಲಿ ಓದೋಣ.

ಮುಖಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ?

ನಿಮ್ಮ ಅಂಗೈ ನೋಡಿಕೊಳ್ಳಿ. ಅಲ್ಲಿ ಬೆವರು ಬರುತ್ತದೆ, ಜಿಡ್ಡು ಬರೋದಿಲ್ಲ. ಅಂಗಾಲಿನಲ್ಲೂ ಹಾಗೇ. ಈಗ ಮೂಗಿನ ಪಕ್ಕ ಬೆರಳಿನಿಂದ ಒರೆಸಿ ನೋಡಿ. ಬೆರಳು ಜಾರುತ್ತದೆ.

ನಮ್ಮ ಚರ್ಮದಲ್ಲಿ ಕೂದಲಿನ ಬುಡದ ಹತ್ತಿರ ಎಣ್ಣೆಯ ಗ್ರಂಥಿಗಳಿವೆ. ಇವು ಚಿಕ್ಕ ಚಿಕ್ಕ ಚೀಲದ ಹಾಗೆ ಇರುತ್ತವೆ. ಕಣ್ಣಿಗೆ ಕಾಣೋದಿಲ್ಲ. ಚೀಲದಲ್ಲಿ ಎಣ್ಣೆ ತಯಾರಾಗಿ, ಕೂದಲಿನ ತೂತಿನಿಂದ ಹೊರಗೆ ಬರುತ್ತದೆ. ಅಂಗೈ, ಅಂಗಾಲುಗಳಲ್ಲಿ ಕೂದಲೂ ಇಲ್ಲ, ಈ ಚೀಲಗಳೂ ಇಲ್ಲ. ಹಣೆ, ಮೂಗು, ಗಲ್ಲ, ಎದೆ, ಬೆನ್ನು ಈ ಜಾಗಗಳಲ್ಲಿ ಬಹಳ ಇವೆ. ಹಣೆಯ ಮೇಲೆ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ನೂರಾರು ಇರುತ್ತವೆ.

ಈ ಎಣ್ಣೆ ಕೆಟ್ಟದ್ದಲ್ಲ. ಚರ್ಮ ಒಣಗಿ ಬಿರಿಯದ ಹಾಗೆ ಅದು ಕಾಯುತ್ತದೆ. ಎಣ್ಣೆ ಹಚ್ಚದ ರೊಟ್ಟಿ ಹಂಚು ಹೇಗಿರುತ್ತದೆ? ಎಣ್ಣೆ ಬಾರದ ಚರ್ಮವೂ ಹಾಗೇ, ಒಣಗಿ ಬಿಳಿಚಿಕೊಳ್ಳುತ್ತದೆ.

ಹುಡುಗಿ ದೊಡ್ಡವಳಾಗುವ ವಯಸ್ಸಿನಲ್ಲಿ ಮೈಯೊಳಗೆ ಹಾರ್ಮೋನುಗಳು ಹೆಚ್ಚುತ್ತವೆ. ಹಾರ್ಮೋನು ಅಂದರೆ ರಕ್ತದಲ್ಲಿ ಓಡಾಡುವ ರಸ. ಮೈಗೆ ಏನು ಮಾಡಬೇಕು ಅಂತ ಸುದ್ದಿ ಮುಟ್ಟಿಸುವ ಕೆಲಸ ಅದರದು. ಅದು ಎಣ್ಣೆಯ ಚೀಲಗಳಿಗೂ ಸುದ್ದಿ ಕೊಡುತ್ತದೆ. ಆಗ ಎಣ್ಣೆ ಜಾಸ್ತಿ ಬರುತ್ತದೆ. ಗಂಡು ಹುಡುಗರಿಗೂ ಇದೇ ಕತೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ. ಅಜ್ಜಿಯ ಕೆನ್ನೆ ಒಣಗಿರೋದು, ಮೊಮ್ಮಗಳ ಕೆನ್ನೆ ಮಿಂಚೋದು ಇದರಿಂದ.

ಕೆಲವು ಸಾರಿ ಎಣ್ಣೆ ಮತ್ತು ಸತ್ತ ಚರ್ಮದ ಪೊರೆ ಸೇರಿ ಆ ತೂತು ಮುಚ್ಚಿಕೊಳ್ಳುತ್ತದೆ. ಒಳಗೆ ಎಣ್ಣೆ ನಿಲ್ಲುತ್ತದೆ, ಕ್ರಿಮಿಗಳು ಬೆಳೆಯುತ್ತವೆ, ಊದಿಕೊಳ್ಳುತ್ತದೆ. ಅದೇ ಮೊಡವೆ. ಮೊಡವೆ ಬಂದ ಹುಡುಗಿ ಕೊಳಕಿ ಅಲ್ಲ. ಅವಳ ಮನಸ್ಸಿನಲ್ಲಿ ಏನೋ ಕೆಟ್ಟ ಆಲೋಚನೆ ಇದೆ ಅಂತ ಹೇಳುವವರೂ ಇದ್ದಾರೆ. ಅದು ಬರೀ ಬಾಯಿಚಪಲದ ಮಾತು.

ಮುಲ್ತಾನಿ ಮಿಟ್ಟಿ

ಮಿಟ್ಟಿ ಅಂದರೆ ಹಿಂದಿಯಲ್ಲಿ ಮಣ್ಣು. ಮುಲ್ತಾನ್ ಒಂದು ಊರು. ಈಗ ಅದು ಪಾಕಿಸ್ತಾನದಲ್ಲಿದೆ. ಆ ಊರಿನ ಹೆಸರು ಮಣ್ಣಿಗೆ ಉಳಿದುಕೊಂಡಿದೆ. ಈ ಜಾತಿಯ ಮಣ್ಣು ನಮ್ಮ ದೇಶದ ರಾಜಸ್ಥಾನದಲ್ಲೂ ಸಿಗುತ್ತದೆ. ಬಾಡಮೇರ್, ಬಿಕಾನೇರ್ ಕಡೆ ನೆಲ ಅಗೆದು ತೆಗೆಯುತ್ತಾರೆ. ಹಳದಿ ಬಣ್ಣದ ಹೆಂಟೆಯ ಹಾಗೆ ಇರುತ್ತದೆ. ನೀರು ಹಾಕಿದರೆ ಕರಗಿ ಬೆಣ್ಣೆಯ ಹಾಗೆ ನುಣುಪಾಗುತ್ತದೆ.

ಹಿಂದೆ ಇಂಗ್ಲೆಂಡ್ ದೇಶದಲ್ಲಿ ಉಣ್ಣೆ ಬಟ್ಟೆ ಮಾಡುವವರು ಇಂಥದೇ ಮಣ್ಣನ್ನು ಬಳಸುತ್ತಿದ್ದರು. ಕುರಿ ಸಾಕಿದವರಿಗೆ ಗೊತ್ತು, ಕುರಿಯ ಉಣ್ಣೆ ಮುಟ್ಟಿದರೆ ಕೈಗೆ ಜಿಡ್ಡು ಹತ್ತುತ್ತದೆ. ಆ ಜಿಡ್ಡು ತೆಗೆಯಲು ಬಟ್ಟೆಗೆ ಈ ಮಣ್ಣು ಬೆರೆಸಿದ ನೀರು ಹಾಕಿ ತುಳಿಯುತ್ತಿದ್ದರು. ಈಗಲೂ ಅಡುಗೆ ಎಣ್ಣೆಯ ಕಾರ್ಖಾನೆಗಳಲ್ಲಿ ಎಣ್ಣೆಯ ಕಪ್ಪು ಬಣ್ಣ ತೆಗೆಯೋದಕ್ಕೆ ಇದೇ ಜಾತಿಯ ಮಣ್ಣು ಬಳಸುತ್ತಾರೆ.

ಮರಳು ಎಣ್ಣೆ ಕುಡಿಯೋದು ಕಡಿಮೆ, ಈ ಮಣ್ಣು ಯಾಕೆ ಅಷ್ಟು ಕುಡಿಯುತ್ತದೆ? ಮರಳಿನ ಕಣ ಗುಂಡಗೆ, ದಪ್ಪ. ಈ ಮಣ್ಣಿನ ಕಣ ಅವಲಕ್ಕಿಯ ಹಾಗೆ ಚಪ್ಪಟೆ, ಆದರೆ ಅವಲಕ್ಕಿಗಿಂತ ಸಾವಿರಾರು ಪಟ್ಟು ಸಣ್ಣ. ಒಂದರ ಮೇಲೆ ಒಂದು ಪದರವಾಗಿ ಕೂತಿರುತ್ತವೆ. ಪ್ರತಿ ಕಣಕ್ಕೂ ಮೇಲೆ ಕೆಳಗೆ ಎರಡು ಮೈ. ಒಂದು ಚಮಚ ಮಣ್ಣಿನಲ್ಲಿ ಅಂಥ ಕಣ ಎಷ್ಟೋ ಕೋಟಿ. ಅಷ್ಟು ಮೈಗೂ ಎಣ್ಣೆ ಅಂಟಿಕೊಳ್ಳಲು ಜಾಗ ಇರುತ್ತದೆ. ಮಣ್ಣು ತೊಳೆದಾಗ ಅಂಟಿಕೊಂಡ ಎಣ್ಣೆಯೂ ಜೊತೆಗೆ ಹೋಗುತ್ತದೆ.

ಒಂದು ಮಾತು ಮರೆಯಬೇಡಿ. ಮಣ್ಣು ತೆಗೆಯೋದು ಚರ್ಮದ ಮೇಲೆ ಬಂದು ನಿಂತ ಎಣ್ಣೆಯನ್ನು ಮಾತ್ರ. ಒಳಗಿನ ಚೀಲಕ್ಕೆ ಅದು ಮುಟ್ಟೋದಿಲ್ಲ. ಬಾವಿಯ ಕಟ್ಟೆ ಒರೆಸಿದರೆ ಬಾವಿಯ ನೀರು ಬತ್ತುತ್ತದೆಯೇ? ಕೆಲವು ಗಂಟೆಗಳಲ್ಲಿ ಎಣ್ಣೆ ಮತ್ತೆ ಬರುತ್ತದೆ. ಒಂದು ವಾರದಲ್ಲಿ ಜಿಡ್ಡು ಪೂರ್ತಿ ನಿಲ್ಲುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನು ನಂಬಬೇಡಿ.

ಹಚ್ಚುವ ಬಗೆ

ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ತೊಳೆಯಿರಿ. ಒಂದು ದಿನ ಕಾಯಿರಿ. ಕೆಂಪಾಗಲಿಲ್ಲ, ಕಡಿತ ಬರಲಿಲ್ಲ ಅಂದರೆ ಮುಖಕ್ಕೆ ಹಚ್ಚಬಹುದು.

ಎರಡು ಚಮಚ ಪುಡಿಗೆ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಪುಡಿಯಲ್ಲಿ ಮರಳು ಇದ್ದರೆ ಗೀರುತ್ತದೆ, ಅದಕ್ಕೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆಗ ಮೂಗಿಗೆ ಸೆರಗು ಅಡ್ಡ ಇರಲಿ. ಆ ದೂಳು ಎದೆಯೊಳಗೆ ಹೋಗೋದು ಒಳ್ಳೆಯದಲ್ಲ. ಮುಖ ತೊಳೆದು, ಕಣ್ಣು ಬಾಯಿ ಬಿಟ್ಟು, ಜಿಡ್ಡು ಇರುವ ಕಡೆ ಮಾತ್ರ ತೆಳ್ಳಗೆ ಹಚ್ಚಿ. ಹಣೆ, ಮೂಗು, ಗಲ್ಲಕ್ಕೆ ಸಾಕು. ಕೆನ್ನೆ ಒಣಗಿದ್ದರೆ ಕೆನ್ನೆಗೆ ಬೇಡ.

ಎಷ್ಟು ಹೊತ್ತು ಬಿಡಬೇಕು? ತುಂಬಾ ಜನ ಮಣ್ಣು ಒಣಗಿ ಬಿರುಕು ಬಿಡುವವರೆಗೆ ಕೂರುತ್ತಾರೆ. ನಗಬೇಡ, ಮಾತಾಡಬೇಡ ಅಂತ ಮಕ್ಕಳಿಗೆ ಗದರುತ್ತಾರೆ! ಅಷ್ಟು ಹೊತ್ತು ಬೇಕಿಲ್ಲ. ಬೇಸಿಗೆಯಲ್ಲಿ ಕೆರೆಯ ಅಂಗಳ ನೋಡಿದ್ದೀರಲ್ಲ, ನೀರು ಹೋದ ಹಾಗೆ ನೆಲ ಎಳೆದುಕೊಂಡು ಸೀಳುತ್ತದೆ. ಮುಖದ ಮೇಲಿನ ಮಣ್ಣೂ ಹಾಗೆ ಎಳೆಯುತ್ತದೆ. ಎಣ್ಣೆಯ ಜೊತೆಗೆ ಚರ್ಮದ ನೀರಿನಂಶವನ್ನೂ ತೆಗೆಯುತ್ತದೆ. ಅಂಚು ಒಣಗಿ, ನಡುವೆ ಇನ್ನೂ ಹಸಿ ಇರುವಾಗಲೇ ತೊಳೆದುಬಿಡಿ. ಸುಮಾರು ಹತ್ತು ನಿಮಿಷ. ಒಣಗಿದ್ದನ್ನು ಉಜ್ಜಿ ಉದುರಿಸಬೇಡಿ, ನೀರು ಚಿಮುಕಿಸಿ ನೆನೆಸಿ ತೊಳೆಯಿರಿ.

ವಾರಕ್ಕೆ ಒಂದು ಸಾರಿ, ಜಿಡ್ಡು ಜಾಸ್ತಿ ಇದ್ದರೆ ಎರಡು ಸಾರಿ. ದಿನಾ ಬೇಡ. ಚಳಿಗಾಲದಲ್ಲಿ ಇನ್ನೂ ಕಡಿಮೆ. ಕೀವು ತುಂಬಿದ ಮೊಡವೆ, ಗಾಯ, ಹುಣ್ಣಿನ ಮೇಲೆ ಹಚ್ಚಲೇಬೇಡಿ. ಮಣ್ಣಿಗೆ ನಿಂಬೆಹಣ್ಣು ಹಿಂಡುವ ಅಭ್ಯಾಸ ಕೆಲವರಿಗಿದೆ. ನಿಂಬೆರಸ ಹುಳಿ, ಚರ್ಮಕ್ಕೆ ಉರಿ ತರುತ್ತದೆ. ಅದು ಮುಖದ ಮೇಲೆ ಇರುವಾಗ ಬಿಸಿಲು ಬಿದ್ದರೆ ಬೊಕ್ಕೆ, ಕಪ್ಪು ಕಲೆ ಆಗಬಹುದು. ಹೊಲದ ಕೆಲಸಕ್ಕೆ ಹೋಗುವ ನಮಗೆ ಬಿಸಿಲು ತಪ್ಪೋದಿಲ್ಲ, ಹಾಗಾಗಿ ನಿಂಬೆ ಅಡುಗೆಗಿರಲಿ. ಅಡುಗೆ ಸೋಡಾ ಕೂಡ ಮುಖಕ್ಕೆ ಬೇಡ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇವೆ. ಬಸುರಿಯರು ಕೆಲವರು ಈ ಮಣ್ಣನ್ನು ಕದ್ದು ತಿನ್ನುತ್ತಾರೆ. ವಾಸನೆ ಬಂದರೆ ಬಾಯಲ್ಲಿ ನೀರು ಬರುತ್ತದೆ ಅನ್ನುತ್ತಾರೆ. ಮಣ್ಣು ತಿನ್ನುವ ಆಸೆ ಆದರೆ ಬೈದು ಪ್ರಯೋಜನವಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಈ ಆಸೆ ಹೆಚ್ಚಾಗಿ ಕಾಣುತ್ತದೆ. ಹೊಟ್ಟೆಗೆ ಹೋದ ಮಣ್ಣು ಅಲ್ಲೂ ಸುಮ್ಮನಿರೋದಿಲ್ಲ. ಊಟದಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ರಕ್ತ ಇನ್ನೂ ಕಡಿಮೆಯಾಗುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ಅಡುಗೆಮನೆಯ ಹಿಟ್ಟುಗಳು

ಮಣ್ಣು ಸಿಗದಿದ್ದರೆ ಕಡಲೆಹಿಟ್ಟು ಸಾಕು. ದೀಪಾವಳಿಗೆ ಎಣ್ಣೆ ಸ್ನಾನ ಮಾಡಿದಾಗ ಮೈಯ ಎಣ್ಣೆ ಹೋಗಲು ಏನು ಹಚ್ಚುತ್ತಿದ್ದರು? ಕಡಲೆಹಿಟ್ಟು, ಹೆಸರುಹಿಟ್ಟು, ತಲೆಗೆ ಸೀಗೆಪುಡಿ. ಹಿಟ್ಟು ಎಣ್ಣೆ ಹೀರುತ್ತದೆ. ಸೀಗೆಕಾಯಿಯಲ್ಲಿ, ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ಅಂಶವಿದೆ, ಅದು ಸೋಪಿನ ಕೆಲಸ ಮಾಡುತ್ತದೆ. ಸೀಗೆ, ಅಂಟುವಾಳ ಮುಖಕ್ಕೆ ಬೇಡ, ಕಣ್ಣಿಗೆ ಬಿದ್ದರೆ ಉರಿ ತಡೆಯೋದಕ್ಕೆ ಆಗೋದಿಲ್ಲ. ಹೆಸರುಹಿಟ್ಟು ನಯವಾಗಿರುತ್ತದೆ. ಅಕ್ಕಿಹಿಟ್ಟು ತರಿತರಿ ಇದ್ದರೆ ತಿಕ್ಕಬೇಡಿ, ಚರ್ಮ ಗೀರುತ್ತದೆ. ಯಾವ ಹಿಟ್ಟೇ ಆಗಲಿ ಆಗ ಕಲಸಿ ಆಗಲೇ ಮುಗಿಸಿ. ಕಲಸಿಟ್ಟ ಹಿಟ್ಟು ಹುಳಿ ಬರುತ್ತದೆ ಅಂತ ನಿಮಗೆ ಹೇಳಬೇಕೇ!

ಪೇಟೆಯಲ್ಲಿ ಚಂದದ ಡಬ್ಬಿಗಳಲ್ಲಿ ಫೇಸ್ ಪ್ಯಾಕ್ ಬರುತ್ತದೆ. ಅದರಲ್ಲಿ ಏನಿದೆ ಅಂತ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಯೊಲಿನ್, ಬೆಂಟೊನೈಟ್ ಅಂತ ಇದ್ದರೆ ಅವು ಮಣ್ಣಿನ ಜಾತಿಗಳೇ. ಸ್ಟಾರ್ಚ್ ಅಂದರೆ ಜೋಳ, ಅಕ್ಕಿ ಮುಂತಾದವುಗಳ ಗಂಜಿಯ ಪುಡಿ. ಚಾರ್‌ಕೋಲ್ ಅಂದರೆ ಇದ್ದಿಲು. ಆದರೆ ಅದು ಬೇರೆ ರೀತಿ ತಯಾರಿಸಿದ ಇದ್ದಿಲು, ಒಲೆಯ ಇದ್ದಿಲನ್ನು ಹಚ್ಚಬೇಡಿ. ದುಡ್ಡಿದ್ದವರು ಫೇಸ್ ಪ್ಯಾಕ್ ತೆಗೆದುಕೊಳ್ಳಲಿ, ತಪ್ಪಿಲ್ಲ. ನಮ್ಮ ಲೆಕ್ಕದಲ್ಲಿ ಆ ದುಡ್ಡಿಗೆ ಮನೆಗೆ ತರಕಾರಿ ಬರುತ್ತದೆ.

ಇನ್ನು ಪೌಡರ್. ನೀವು ಸ್ಲೇಟಿನ ಮೇಲೆ ಬರೆಯಲು ಹಿಡಿದ ಬಳಪ ನೆನಪಿದೆಯೇ? ಬಳಪದ ಕಲ್ಲು ಮೆತ್ತಗಿರುತ್ತದೆ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ಅಷ್ಟು ನವಿರಾದ ಕೆತ್ತನೆ ಬಂದಿರೋದು ಇಂಥ ಮೆತ್ತನೆಯ ಕಲ್ಲಿನಿಂದ. ಬಳಪದ ಕಲ್ಲಿನಲ್ಲಿ ಹೆಚ್ಚಾಗಿರುವ ಅಂಶದ ಹೆಸರು ಟಾಲ್ಕ್. ಟಾಲ್ಕಂ ಪೌಡರ್ ಅಂದರೆ ಅದೇ ಟಾಲ್ಕ್ ಕಲ್ಲಿನ ನುಣ್ಣನೆ ಪುಡಿಗೆ ವಾಸನೆ ಸೇರಿಸಿದ್ದು. ಮುಖದ ಮಿಂಚು ಸ್ವಲ್ಪ ಹೊತ್ತು ಮರೆಯಾಗುತ್ತದೆ, ಅಷ್ಟೇ. ಬೆವರು ಬಂದರೆ ಗಂಟು ಗಂಟಾಗಿ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯ ಸಂಸ್ಥೆ 2024ರಲ್ಲಿ ಟಾಲ್ಕನ್ನು ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಹೆದರಿ ಓಡಬೇಕಿಲ್ಲ. ಆದರೆ ಮರ್ಮಾಂಗಕ್ಕೆ ಪೌಡರ್ ಹಾಕಬೇಡಿ. ಹಸುಗೂಸಿಗೆ ಸ್ನಾನ ಮಾಡಿಸಿ ಮೋಡ ಎದ್ದ ಹಾಗೆ ಪೌಡರ್ ಸುರಿಯೋದನ್ನು ಬಿಡಿ, ಆ ದೂಳು ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಒಂದಿದೆ. ಒಗೆದ ಹತ್ತಿ ಬಟ್ಟೆಯ ತುಂಡು. ಮುಖದ ಮೇಲೆ ಒತ್ತಿ ತೆಗೆದರೆ ಎಣ್ಣೆ ಅದಕ್ಕೆ ಬರುತ್ತದೆ. ಉಜ್ಜಬಾರದು, ಒತ್ತಬೇಕು. ಸೆರಗು ಇದೆಯಲ್ಲ ಅನ್ನಬೇಡಿ. ಅದೇ ಸೆರಗಿನಲ್ಲಿ ಪಾತ್ರೆ ಇಳಿಸ್ತೀವಿ, ಮಗುವಿನ ಮೂಗು ಒರೆಸ್ತೀವಿ. ಮುಖಕ್ಕೆ ಬೇರೆ ತುಂಡು ಇಟ್ಟುಕೊಳ್ಳೋಣ.

ದಿನಕ್ಕೆ ಎರಡು ಸಾರಿ ಮೈಸೋಪಿನಿಂದ ಮುಖ ತೊಳೆದರೆ ಸಾಕು. ಬಟ್ಟೆ ಸೋಪು ಬೇಡ. ತಲೆಗೆ ಎಣ್ಣೆ ಸುರಿದುಕೊಂಡರೆ ಅದು ಹಣೆಗೆ ಇಳಿಯುತ್ತದೆ. ಹಣೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಮೊಡವೆ ಏಳೋದು ಎಷ್ಟೋ ಸಾರಿ ಈ ಎಣ್ಣೆಯಿಂದಲೇ. ಎಣ್ಣೆ ಕಡಿಮೆ ಹಚ್ಚಿ, ದಿಂಬಿನ ಬಟ್ಟೆ ಆಗಾಗ ಒಗೆಯಿರಿ.

ಕೆಂಪು ಗೆರೆಯ ಟ್ಯೂಬು

ಮಣ್ಣಿನ ಕೆಲಸ ನಿಧಾನ. ಬೇಗ ಆಗಬೇಕು ಅಂತ ಕೆಲವರು ಮಾಡೋ ಕೆಲಸ ನಮಗೆ ತುಂಬಾ ಚಿಂತೆ ತಂದಿದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ಮಗಳು ಪಿಯುಸಿ ಓದುತ್ತಿದ್ದಳು. ಮುಖದ ತುಂಬಾ ಜಿಡ್ಡು, ಮೊಡವೆ. ತರಗತಿಯಲ್ಲಿ ಆಡಿಕೊಳ್ಳುತ್ತಾರೆ ಅಂತ ಕಾಲೇಜು ತಪ್ಪಿಸುತ್ತಿದ್ದಳು. ತಾಯಿ ಔಷಧಿ ಅಂಗಡಿಗೆ ಹೋಗಿ ಕೇಳಿದರು. ಅಂಗಡಿಯವರು ಒಂದು ಸಣ್ಣ ಟ್ಯೂಬು ಕೊಟ್ಟರು. ಡಾಕ್ಟರ ಚೀಟಿ ಕೇಳಲಿಲ್ಲ. ನಾಲ್ಕು ದಿನದಲ್ಲಿ ಮೊಡವೆ ಅಡಗಿತು, ಮುಖ ಬೆಳ್ಳಗೆ ಕಂಡಿತು. ಮನೆಯವರಿಗೆಲ್ಲ ಖುಷಿ. ಟ್ಯೂಬು ಮುಗಿದ ಹಾಗೆ ಇನ್ನೊಂದು ತಂದರು. ಕೆಲವು ತಿಂಗಳಾದ ಮೇಲೆ ಕೆನ್ನೆ ಕೆಂಪಾಯಿತು. ಒಲೆಯ ಮುಂದೆ ಕೂತರೆ ಉರಿ. ಬಿಸಿಲಿಗೆ ಹೋದರೆ ಉರಿ. ಕೆನ್ನೆಯ ಮೇಲೆ ಕೂದಲು ಬಂತು. ಹಚ್ಚೋದು ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಮೊಡವೆ. ಮತ್ತೆ ಹಚ್ಚಿದರೆ ಮಾತ್ರ ಸಮಾಧಾನ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅದು ಸ್ಟಿರಾಯ್ಡ್ ಮುಲಾಮು ಅಂತ ಗೊತ್ತಾಯಿತು. ಸರಿಹೋಗಲು ತಿಂಗಳುಗಟ್ಟಲೆ ಬೇಕಾಯಿತು.

ಸ್ಟಿರಾಯ್ಡ್ ಕೆಟ್ಟ ಔಷಧಿ ಅಲ್ಲ. ಕೆಲವು ಚರ್ಮರೋಗಗಳಿಗೆ ಡಾಕ್ಟರು ಅದನ್ನೇ ಕೊಡುತ್ತಾರೆ. ಅದು ಊತವನ್ನು, ಕೆಂಪನ್ನು ಬೇಗ ಅಡಗಿಸುತ್ತದೆ. ಅದಕ್ಕೇ ಮೊದಲು ವಾಸಿಯಾದ ಹಾಗೆ ಕಾಣೋದು. ಆದರೆ ಮುಖದ ಚರ್ಮ ತೆಳು. ದಿನಾ ಹಚ್ಚಿದರೆ ಇನ್ನೂ ತೆಳುವಾಗಿ ಒಳಗಿನ ರಕ್ತದ ಎಳೆಗಳು ಕಾಣುತ್ತವೆ. ಮೊಡವೆಗೆ ಅದು ಮದ್ದೇ ಅಲ್ಲ, ಅದರಿಂದಲೇ ಮೊಡವೆ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಇಂಥ ಮುಲಾಮು ಹಚ್ಚಿ ಮುಖ ಕೆಡಿಸಿಕೊಂಡವರು ಬಹಳ ಜನ ಅಂತ ಚರ್ಮದ ವೈದ್ಯರು ಹೇಳುತ್ತಲೇ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಇದೆ, ಆದರೂ ಕೇಳಿದರೆ ಕೊಡುವ ಅಂಗಡಿಗಳು ಇವೆ.

ಆದ್ದರಿಂದ ಟ್ಯೂಬು ಕೈಗೆ ಬಂದಾಗ ತಿರುಗಿಸಿ ನೋಡಿ. ಚೀಟಿ ಬೇಕಾದ ಔಷಧಿಯ ಮೇಲೆ ಒಂದು ಉದ್ದನೆಯ ಕೆಂಪು ಗೆರೆ ಇರುತ್ತದೆ. ಆ ಗೆರೆ ನೋಡಲು ಇಂಗ್ಲಿಷ್ ಬೇಕಿಲ್ಲ. ಗೆರೆ ಇದ್ದರೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಹೆಸರು ಇಂಗ್ಲಿಷಿನಲ್ಲಿರುತ್ತದೆ, ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್. ಈ ಮೂರು ಹೆಸರನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಇವು ಮೂರೂ ಸ್ಟಿರಾಯ್ಡ್. ಪಕ್ಕದ ಮನೆಯವರಿಗೆ ಒಳ್ಳೆಯದಾಯಿತು ಅಂತ ಅವರ ಟ್ಯೂಬು ಕೇಳಿ ತರಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಹೇಗೆ ಬಿಡಬೇಕು ಅಂತ ಅವರು ತಿಳಿಸುತ್ತಾರೆ.

ಡಾಕ್ಟರ ಹತ್ತಿರ ಯಾವಾಗ?

ಮೊಡವೆ ಗಂಟಾಗಿ ನೋಯುತ್ತಿದ್ದರೆ, ಕಲೆ ಗುಳಿ ಬೀಳುತ್ತಿದ್ದರೆ, ಹೋಗಿ. ಜಿಡ್ಡು, ಮೊಡವೆಯ ಜೊತೆಗೆ ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ, ಮುಟ್ಟು ಎರಡು ಮೂರು ತಿಂಗಳು ತಪ್ಪುತ್ತಿದ್ದರೆ, ತಡ ಮಾಡಬೇಡಿ. ಅದು ಹಾರ್ಮೋನಿನ ಏರುಪೇರು ಇರಬಹುದು. ಪಿಸಿಓಡಿ ಅಂತ ಹೇಳುತ್ತಾರೆ. ಅದಕ್ಕೆ ಯಾವ ಮಣ್ಣೂ ಸಾಲದು, ಒಳಗಿನಿಂದಲೇ ಚಿಕಿತ್ಸೆ ಆಗಬೇಕು.

ಡಾಕ್ಟರು ಮೊಡವೆಗೆ ಮುಲಾಮು ಕೊಟ್ಟರೆ ಗುಣ ಕಾಣಲು ಆರು, ಎಂಟು ವಾರ ಬೇಕು. ಎರಡೇ ವಾರಕ್ಕೆ ಬೇಸರಪಟ್ಟು ಬಿಡಬೇಡಿ. ನೀವು ಬಸುರಿ ಇದ್ದರೆ, ಆಗುವ ಸಾಧ್ಯತೆ ಇದ್ದರೆ, ಅದನ್ನು ಮೊದಲೇ ಹೇಳಿ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಎಂಬ ಮಾತ್ರೆ ಹೊಟ್ಟೆಯ ಮಗುವಿಗೆ ಭಾರೀ ತೊಂದರೆ ಮಾಡುತ್ತದೆ.

ತಾಲ್ಲೂಕು ಆಸ್ಪತ್ರೆಗೆ, ಜಿಲ್ಲಾ ಆಸ್ಪತ್ರೆಗೆ ಚರ್ಮದ ಡಾಕ್ಟರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಹೋಗುವ ದಿನ ಮುಖಕ್ಕೆ ಏನೂ ಹಚ್ಚಬೇಡಿ, ಪೌಡರ್ ಕೂಡ ಬೇಡ. ಮನೆಯಲ್ಲಿ ಏನೇನು ಹಚ್ಚಿದ್ದೀರೋ ಆ ಟ್ಯೂಬು, ಡಬ್ಬಿ, ಖಾಲಿಯಾದದ್ದೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.